ಪಜಿರಿಕ್ ಕುದುರೆ: ಕೊಂಬು ಬಂತು, ಬಾಲ ಬಾಕಿ

ನನ್ನ ಅಲ್ತಾಯ್ ಕುದುರೆಗೆ ಈ ವಾರ ಕೊಂಬು ಬಂತು. ಒಂದಡಿ ಎತ್ತರದ ಮರದ ಬೊಂಬೆ. ಮೈ ಕೆತ್ತಿ, ಉಜ್ಜಿ, ಕಂದು ಬಣ್ಣ ಬಳಿದದ್ದು ಮೊದಲೇ ಮುಗಿದಿತ್ತು. ಈಗ ತಲೆಗೆ ಕವಲುಕೊಂಬಿನ ಮುಖವಾಡ. ಮನೆಗೆ ಬಂದವರೆಲ್ಲ "ಇದು ಕುದುರೆನೋ, ಸಾರಂಗನೋ?" ಅಂತ ಕೇಳುತ್ತಿದ್ದಾರೆ. ಸುಮಾರು 2,300 ವರ್ಷದ ಹಿಂದೆ ಇಂಥದ್ದನ್ನು ಮಾಡಿಸಿದವನಿಗೂ ಜನ ಹಾಗೇ ಕೇಳಬೇಕು ಅಂತಿತ್ತೇನೋ.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ಸೈಬೀರಿಯಾದ ದಕ್ಷಿಣದಲ್ಲಿರುವ ಅಲ್ತಾಯ್ ಬೆಟ್ಟಗಳಲ್ಲಿ ಪಜಿರಿಕ್ ಅನ್ನೋ ಜಾಗವಿದೆ. ಅಲ್ಲಿನ ಅಲೆಮಾರಿ ಕುದುರೆಗಾರರು ತಮ್ಮ ಮುಖಂಡರನ್ನು ಮರದ ದಿಮ್ಮಿಯ ಕೋಣೆಯಲ್ಲಿ ಹೂತು, ಮೇಲೆ ಕಲ್ಲಿನ ಗುಡ್ಡೆ ಹಾಕುತ್ತಿದ್ದರು. ಒಳಗಿಳಿದ ನೀರು ಹೆಪ್ಪುಗಟ್ಟಿ ಹಾಗೇ ಉಳಿಯಿತು. ಅದಕ್ಕೇ ಬಟ್ಟೆ, ಚರ್ಮ, ಕೂದಲು ಕೊಳೆಯಲಿಲ್ಲ. ಕಳ್ಳರು ಹಳೇ ಕಾಲದಲ್ಲೇ ಕೋಣೆಗೆ ಕನ್ನ ಹಾಕಿದ್ದರು. ಆದರೆ ಪಕ್ಕದಲ್ಲಿ ಹೂತಿದ್ದ ಕುದುರೆಗಳ ತಂಟೆಗೆ ಹೋಗಿರಲಿಲ್ಲ. 1929ರಲ್ಲಿ ಪುರಾತತ್ವಜ್ಞ ಗ್ರಿಯಾಜ್ನೋವ್ ಅಗೆಸಿದ ಮೊದಲನೇ ಗೋರಿಯಲ್ಲಿ ಜೀನು, ಲಗಾಮಿನ ಸಮೇತ 10 ಕುದುರೆಗಳು ಸಿಕ್ಕವು. ಎರಡರ ಜೊತೆ ಮುಖವಾಡಗಳೂ ಇದ್ದವು. ಅವೆಲ್ಲ ಈಗ ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟಾಜ್ ಮ್ಯೂಸಿಯಂನಲ್ಲಿವೆ. ನಾನು ಮಾಡುತ್ತಿರುವುದು ಕೊಂಬಿನ ಮುಖವಾಡದ್ದು.

ಕೊಂಬಿಗೆ ಮೂಲದಲ್ಲಿ ಚರ್ಮ ಬಳಸಿದ್ದಾರೆ. ನಾನು ಹಳೇ ಬ್ಯಾಗೊಂದರ ಚರ್ಮ ಕತ್ತರಿಸಿದೆ. ಒದ್ದೆ ಮಾಡಿ, ಬಾಗಿಸಿ, ಕ್ಲಿಪ್ ಹಾಕಿ ಒಣಗಿಸಿದರೆ ಆಕಾರ ನಿಲ್ಲುತ್ತದೆ. ಕವಲಿನ ತುದಿಗಳಿಗೆ ಕೆಂಪು ಬಣ್ಣ ಹಾಕಿದ ಕೂದಲಿನ ಕುಚ್ಚು ಕಟ್ಟಿದ್ದೇನೆ. ಚಿನ್ನದ ರೇಕು ಅಂಟಿಸುವಾಗ ಮಾತ್ರ ಫ್ಯಾನ್ ಆಫ್ ಮಾಡಿ ಕೂರಬೇಕು. ಉಸಿರು ಜೋರಾಗಿ ಬಿಟ್ಟರೂ ಹಾರಿಹೋಗುತ್ತದೆ.

ಕುದುರೆಗೆ ಜಿಂಕೆಯ ಕೊಂಬು ಯಾಕೆ? ಇವರ ಪೂರ್ವಿಕರು ಮೊದಲು ಹಿಮಸಾರಂಗ ಏರುತ್ತಿದ್ದರು, ಇದು ಅದರ ನೆನಪು ಅನ್ನೋ ಹಳೇ ವಾದವೊಂದಿದೆ. ನನಗೆ ಅದು ಅಷ್ಟಾಗಿ ಹಿಡಿಸಲ್ಲ. ಕಜಾಕಿಸ್ತಾನದ ಬೆರೆಲ್‌ನಲ್ಲಿ ಸಿಕ್ಕ ಕುದುರೆಗಳಿಗೆ ಕಾಡುಮೇಕೆಯ ದೊಡ್ಡ ಕೊಂಬುಗಳಿವೆ. ಮೇಕೆಯನ್ನು ಯಾರೂ ಏರಿ ಓಡಾಡಿರಲ್ಲ, ಅಲ್ವಾ? ಎಲ್ಲರ ಹತ್ತಿರವೂ ಕುದುರೆ ಇರುವ ಊರಲ್ಲಿ ತನ್ನದು ಬೇರೆ ಅಂತ ತೋರಿಸಿಕೊಳ್ಳುವ ಆಸೆಯೇ ಇದರಲ್ಲಿ ಜಾಸ್ತಿ ಅಂತ ನನ್ನ ಲೆಕ್ಕ.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಕೊಂಬಲ್ಲ, ಕಿವಿ. ಆ ಹತ್ತು ಕುದುರೆಗಳ ಕಿವಿಯಂಚಿನಲ್ಲಿ ಗುರುತಿಗೆ ಕಚ್ಚು ಹಾಕಿದ್ದಾರೆ, ಒಂದೊಂದರದ್ದೂ ಒಂದೊಂದು ಥರ. ಅಂದರೆ ಹತ್ತೂ ಒಬ್ಬನ ಕುದುರೆಗಳಲ್ಲ. ಬೇರೆ ಬೇರೆ ಮನೆಯವರು ಸತ್ತವನಿಗೆ ಒಂದೊಂದು ಕೊಟ್ಟಿರಬೇಕು ಅಂತ ವಿದ್ವಾಂಸರು ಊಹಿಸಿದ್ದಾರೆ. ಮುಖವಾಡ ಊರಿಗೆಲ್ಲ ಕಾಣಲಿ ಅಂತ. ಕಿವಿಯ ಕಚ್ಚು ಹತ್ತಿರ ಬಂದು ನೋಡುವವನಿಗೆ. ಸಣ್ಣ ಅರದಿಂದ ನನ್ನ ಕುದುರೆಯ ಎಡಗಿವಿಗೂ ಎರಡು ಕಚ್ಚು ಹಾಕಿದೆ. ಅದು ಮೂಲದ ನಕಲಲ್ಲ, ನನ್ನದೇ ಗುರುತು. ಮುಖವಾಡದಲ್ಲಿ ಕಿವಿಗೂ ಚೀಲ ಹೊಲಿದಿರುವುದರಿಂದ, ಅದನ್ನು ತೊಡಿಸಿದ ಮೇಲೆ ಈ ಗುರುತು ಯಾರಿಗೂ ಕಾಣಲ್ಲ. ಇರಲಿ.

ಜೀನು ಸುಲಭವಾಯಿತು. ಇವರ ಜೀನಿಗೆ ಮರದ ಚೌಕಟ್ಟಿಲ್ಲ, ರಿಕಾಪೂ ಇಲ್ಲ. ಬೆನ್ನೆಲುಬಿನ ಆಚೀಚೆ ಎರಡು ಮೆತ್ತೆ, ಅಷ್ಟೇ. ಮೇಲಿನ ಹೊದಿಕೆಗೆ ಮೊದಲು ಮನೆಯಲ್ಲಿದ್ದ ಕಂಬಳಿಯ ತುಂಡು ನೋಡಿದೆ. ಕಂಬಳಿ ನೇಯ್ದದ್ದು, ಕತ್ತರಿಸಿದರೆ ಅಂಚು ಬಿಚ್ಚಿಕೊಳ್ಳುತ್ತದೆ. ಫೆಲ್ಟ್ ಅಂದರೆ ಉಣ್ಣೆಯನ್ನು ಒದ್ದೆ ಮಾಡಿ ಉಜ್ಜಿ ಉಜ್ಜಿ ಗಟ್ಟಿ ಮಾಡಿದ್ದು. ಹೇಗೆ ಕತ್ತರಿಸಿದರೂ ಎಳೆ ಬರಲ್ಲ. ಹಕ್ಕಿತಲೆಯ ಸಿಂಹ ಮೇಕೆಯ ಮೇಲೆ ಎರಗುವ ಆ ಸುರುಳಿ ಸುರುಳಿ ಚಿತ್ರಗಳನ್ನು ಅವರು ಫೆಲ್ಟಿನಲ್ಲಿ ಅಷ್ಟು ಸಲೀಸಾಗಿ ಕತ್ತರಿಸಿ ಹೊಲಿದಿದ್ದು ಯಾಕೆ ಅಂತ ಕತ್ತರಿ ಹಿಡಿದ ಮೇಲೇ ಗೊತ್ತಾಗುವುದು.

ಜೂಲನ್ನು ಗಿಡ್ಡವಾಗಿ ಕತ್ತರಿಸಿ ಬಿಟ್ಟಿದ್ದೇನೆ, ಅವರ ಪದ್ಧತಿಯಂತೆ. ಇನ್ನು ಬಾಲ. ಹೆಣೆದ ಬಾಲವೂ ಇತ್ತು, ಗಂಟು ಹಾಕಿದ್ದೂ ಇತ್ತು. ಐದನೇ ಗೋರಿಯಲ್ಲಿ ಸಿಕ್ಕ ಪ್ರಸಿದ್ಧ ರತ್ನಗಂಬಳಿಯ ಅಂಚಿನಲ್ಲಿ ಸಾಲಾಗಿ ಹೋಗುವ ಕುದುರೆಗಳ ಬಾಲಕ್ಕೆ ಗಂಟಿದೆ. ನಾನೂ ಗಂಟೇ ಹಾಕುತ್ತೇನೆ. ಅದಕ್ಕೆ ಉದ್ದನೆಯ ಕುದುರೆ ಕೂದಲು ಬೇಕು. ಪಿಟೀಲಿನ ಕಮಾನು ರಿಪೇರಿ ಮಾಡುವವರ ಹತ್ತಿರ ಸಿಗುತ್ತದಂತೆ, ಶನಿವಾರ ಹೋಗಿ ವಿಚಾರಿಸಬೇಕು.