ಬಿಟ್ಟ ಎರಡು ಸಾಲು

4 ಆಗಸ್ಟ್ 2024, ಭಾನುವಾರ
ಊರ್ಮನೆ, ತೀರ್ಥಹಳ್ಳಿ. ರಾತ್ರಿ ಹತ್ತೂವರೆ.

ಭುಜ ಎತ್ತಕ್ಕಾಗ್ತಿಲ್ಲ. ಅಡಿಕೆ ಮರಕ್ಕೆ ಕೆಳಗೇ ನಿಂತು ಔಷಧಿ ಹೊಡೆಯೋ ಉದ್ದನೆ ಕೋಲು ಈ ದೋಟಿ, ನಾನು ಅದನ್ನ ಹಿಡಿದಿದ್ದು ಹೆಚ್ಚಂದ್ರೆ ಐದು ನಿಮಿಷ, ಅತ್ತಿಗೆ ಬೆಳಿಗ್ಗೆ ಎಂಟಕ್ಕೆ ಹಿಡಿದಿದ್ದು ಸಂಜೆ ಐದರ ತನಕ ಬಿಡ್ಲಿಲ್ಲ, ಮಧ್ಯದಲ್ಲಿ ಊಟಕ್ಕೆ ಅಷ್ಟೇ.

ಅಂತೂ ಮಳೆ ಬಿಟ್ಟು ಹೊಳವಾಯ್ತು. ಮೇ 30ಕ್ಕೆ ಮೊದಲನೇ ಔಷಧಿ ಹೊಡೆದಿದ್ದು, ಎರಡನೇದು 40-45 ದಿನಕ್ಕೆ ಆಗ್ಬೇಕು, ಅಂದ್ರೆ ಜುಲೈ ಮಧ್ಯಕ್ಕೆ, ಆದ್ರೆ ಈ ಸಲದ ಜುಲೈ ಹೇಗಿತ್ತು ಅಂತ ನಿಮಗೆಲ್ಲ ಗೊತ್ತಲ್ಲ, ಉತ್ತರ ಕನ್ನಡದ ಶಿರೂರಲ್ಲಿ ಗುಡ್ಡ ಕುಸಿದ ವಾರ ನಮ್ಮಲ್ಲೂ ಹಗಲು ಯಾವುದು ರಾತ್ರಿ ಯಾವುದು ತಿಳೀತಿರ್ಲಿಲ್ಲ. ಮರದ ಬುಡದಲ್ಲಿ ಹಸಿರು ಕಾಯಿ ಉದುರಕ್ಕೆ ಶುರುವಾಗಿ ಹದಿನೈದು ದಿನ ಆಯ್ತು. ಮಳೆಗಾಲದಲ್ಲಿ ಅಡಿಕೆಗೆ ಬರೋ ಕೊಳೆ ರೋಗನೇ. ಅಣ್ಣ ದಿನಾ ಒಂದು ಬುಟ್ಟಿ ಹೆಕ್ಕಿ ತಂದು ಜಗಲಿ ಮೇಲೆ ಸುರಿದು ಅದನ್ನೇ ನೋಡ್ತಾ ಕೂರ್ತಿದ್ನಂತೆ. ಔಷಧಿ ಹೊಡೆಯೋರು ಈ ಹೊಳಕ್ಕೆ ಆಗ್ಲೇ ನಾಲ್ಕು ಮನೆಗೆ ಮಾತು ಕೊಟ್ಟಿದ್ರು, ನಮ್ಮದು ಐದನೇದು. ಅಷ್ಟು ದಿನ ಬಿಸಿಲು ಇರತ್ತೆ ಅಂತ ಯಾರು ಹೇಳ್ತಾರೆ?

ಹಾಗಾಗಿ ನಾವೇ ಹೊಡೆಯೋದು ಅಂತಾಗಿ, ಭೀಮನ ಅಮಾವಾಸ್ಯೆ ಪೂಜೆ ಏಳಕ್ಕೇ ಮುಗೀತು. ಅತ್ತಿಗೆ ಅಣ್ಣನ ಕಾಲಿಗೆ ನಮಸ್ಕಾರ ಮಾಡಿದ್ರು, ಕೈಗೆ ಅರಿಶಿನದ ದಾರ ಕಟ್ಕೊಂಡ್ರು, ಅದೇ ಕೈಗೆ ಗ್ಲೌಸ್ ಹಾಕ್ಕೊಂಡು, ರೈನ್‌ಕೋಟು, ಕನ್ನಡಕ, ತಲೆಗೆ ಟವೆಲ್ಲು, ತೋಟಕ್ಕೆ ಇಳಿದ್ರು. ನಂಗೆ ಒಂದು ಕ್ಷಣ ಗಂಟಲು ಕಟ್ಟಿತು. 2020ರಲ್ಲಿ ಅಣ್ಣ ಮರದಿಂದ ಬಿದ್ದಿದ್ದು ಇಲ್ಲಿ ಓದೋರಿಗೆ ಹೊಸದಲ್ಲ, ಅದರ ಬಗ್ಗೆ ಬರೆದು ಬರೆದು ಸಾಕಾಗಿದೆ. ಆಮೇಲೆ ಅವನಿಗೆ ಕತ್ತೆತ್ತಿ ನಿಲ್ಲಕ್ಕೂ ಆಗಲ್ಲ, ಭಾರ ಎತ್ತಕ್ಕೂ ಆಗಲ್ಲ. ಔಷಧಿ ಕಲೆಸೋದು ಮಾತ್ರ ಈಗ್ಲೂ ಅವನದ್ದೇ. ಒಂದು ಕೆಜಿ ಮೈಲುತುತ್ತ ಒಂದು ಡ್ರಮ್ಮಲ್ಲಿ, ಒಂದು ಕೆಜಿ ಸುಣ್ಣ ಇನ್ನೊಂದರಲ್ಲಿ, ಎರಡೂ ಸೇರಿ ನೂರು ಲೀಟರ್, ಆಕಾಶದ ಬಣ್ಣ ಬಂದ ಮೇಲೆ ಕತ್ತಿ ಅದ್ದಿ ನೋಡ್ತಾನೆ, ಕತ್ತಿ ಮೇಲೆ ಕೆಂಪು ಕೂತ್ರೆ ಸುಣ್ಣ ಸಾಲ್ದು. ಕಲೆಸುವಾಗ ಕೋಲ್ಮನ್ ಸಾಹೇಬರ ಕಥೆ ಹೇಳ್ದೇ ಇರಲ್ಲ ಅವನು, ಕೆನಡಾದಿಂದ ಬಂದು ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡ್ತಿದ್ದವರು, ನೂರು ವರ್ಷಕ್ಕೂ ಹಿಂದೆ ದ್ರಾಕ್ಷಿಗೆ ಹೊಡೆಯೋ ಈ ಬೋರ್ಡೋ ದ್ರಾವಣನ ನಮ್ಮ ಅಡಿಕೆಗೆ ತಂದಿದ್ದು. ಇವತ್ತು ನಂಗೆ ಬೇರೆ ಯೋಚನೆ ಬಂತು, ಆಗ ಇದನ್ನ ಮೊದಲು ಹೊಡೆಸಿಕೊಂಡ ತೋಟ ಯಾರದ್ದಿರ್ಬಹುದು ಅಂತ. ಅಡಿಕೆ ಗೊನೆ ಎಲ್ಲ ನೀಲಿ ಆಗಿದ್ದು ನೋಡಿ ಆ ಮನೆಯವರಿಗೆ ರಾತ್ರಿ ನಿದ್ದೆ ಬಂದಿತ್ತಾ?

ಕಾರ್ಬನ್ ಫೈಬರ್ ದೋಟಿ ಹಗುರ ಅಂತಾರೆ. ನೆಲದ ಮೇಲಿದ್ದಾಗ ಹಗುರವೇ. 60 ಅಡಿ ಮೇಲಕ್ಕೆ ಬಿಟ್ಟು, ಪೈಪು ಸೇರಿಸಿ, ತುದಿ ಗಾಳಿಗೆ ತೂಗಕ್ಕೆ ಶುರುವಾದ್ರೆ ಅದು ನಮ್ಮನ್ನೇ ಎಳೀತದೆ. ನಾನು ಐದು ನಿಮಿಷಕ್ಕೆ ನಡುಗಿ ಇಳಿಸ್ಬಿಟ್ಟೆ. ಆಮೇಲೆ ಪೈಪು ಎಳೆಯೋ ಕೆಲಸ ಹಿಡ್ಕೊಂಡು, ನಡುವಲ್ಲಿ ಅತ್ತಿಗೆದು ಒಂದು ವಿಡಿಯೋ ಮಾಡಿ ಸ್ಟೇಟಸ್‌ಗೆ ಹಾಕ್ದೆ. ಮೂವತ್ತು ಸೆಕೆಂಡು. ಅತ್ತಿಗೆ, ದೋಟಿ, ಮೇಲಿಂದ ನೀಲಿ ಮಂಜಿನ ಹಾಗೆ ಬೀಳ್ತಿರೋ ಔಷಧಿ. ಮಧ್ಯಾಹ್ನದೊಳಗೆ ಎಷ್ಟು ಜನ ಅದನ್ನ ಬೇರೆಯವರಿಗೆ ಕಳಿಸಿದ್ರು ಲೆಕ್ಕ ಇಲ್ಲ, ಹುಬ್ಬಳ್ಳಿಯ ಚಿಕ್ಕಮ್ಮ ಅಂತೂ ಅಳೋದೊಂದು ಬಾಕಿ.

ಸಂಜೆ ಏಳಕ್ಕೆ ಮೇಲಿನ ಮನೆ ಅಕ್ಕನಿಂದ ಅತ್ತಿಗೆಗೆ ಫೋನು. ಸ್ಪೀಕರಲ್ಲಿ ಇರ್ಲಿಲ್ಲ, ಆದ್ರೂ ನಂಗೆ ಕೇಳ್ತಿತ್ತು, ಅಷ್ಟು ಜೋರು. "ಮಗಳು ಬೆಳಿಗ್ಗೆಯಿಂದ ಹಠ ಹಿಡಿದಾಳೆ ಮಾರಾಯ್ತಿ, ತಾನೂ ದೋಟಿ ಕಲೀತೀನಿ, ನಮ್ಮ ತೋಟಕ್ಕೆ ತಾನೇ ಹೊಡೀತೀನಿ ಅಂತ. ನೀ ಮಾಡದು ಸೈ, ನಿಂಗೆ ಬೇರೆ ದಾರಿ ಇಲ್ಲ. ಇವಳಿಗೆಂತಕ್ಕೆ? ನಾಳೆ ಏನಾದ್ರೂ ಆದ್ರೆ ನೀ ಬಂದು ನೋಡ್ಕೊಳ್ತೀಯಾ?" ಆ ಹುಡುಗಿ ಬಿ.ಕಾಂ ಕೊನೇ ವರ್ಷ, ಬೆಳಿಗ್ಗೆ ಬೇಲಿ ಹತ್ರ ಬಂದು ಒಂದು ಗಂಟೆ ನಿಂತು ನೋಡಿ ಹೋಗಿದ್ಲು. ಅತ್ತಿಗೆ ತಿರುಗಿ ಒಂದು ಮಾತೂ ಆಡ್ಲಿಲ್ಲ, "ಹೂಂ ಅಕ್ಕ, ಹೂಂ" ಅಷ್ಟೇ.

ನಂಗೆ ಸಿಟ್ಟು ಬಂತು. ಬಚ್ಚಲ ಒಲೆ ಮುಂದೆ ಕೂತಿದ್ದಾಗ ಕೇಳೇ ಬಿಟ್ಟೆ, "ಅತ್ತಿಗೆ, ಯಾಕೆ ಸುಮ್ನೆ ಕೇಳಿಸ್ಕೊಂಡ್ರಿ? ನೀವೇನು ಅವಳನ್ನ ಕರೆದಿದ್ರಾ?"

"ಕರೀಲಿಲ್ಲ. ಆದ್ರೆ ನೋಡಿದ್ಲಲ್ಲ."

ಸ್ವಲ್ಪ ಹೊತ್ತು ಬೆಂಕಿಗೆ ಸೋಗೆ ತುರುಕಿದ್ರು. ಆಮೇಲೆ, "ನಿನ್ನ ವಿಡಿಯೋ ನೋಡ್ದೆ. ಚೆನ್ನಾಗಿದೆ. ಆದ್ರೆ ಆ ಎರಡು ಸಾಲು ಅದ್ರಲ್ಲಿ ಇಲ್ಲ."

ಎರಡು ಸಾಲು ಅಂದ್ರೆ ಕೆಳಗೆ ನೀರು ಹೋಗೋ ಕಣಿ ಪಕ್ಕ, ಮೇಲೆ ಕರೆಂಟ್ ಲೈನ್ ಹೋಗಿದೆಯಲ್ಲ, ಅಲ್ಲಿದು. ಮೂವತ್ತೆಂಟು ಮರ. ಅತ್ತಿಗೆ ಅಲ್ಲಿಗೆ ಬಂದವರೇ ದೋಟಿ ಪೂರ್ತಿ ಕೆಳಗಿಳಿಸಿ, ಮಡಚಿ, ಆಚೆ ಸಾಲಿಗೆ ಹೋದ್ರು. ಕಾರ್ಬನ್ ಫೈಬರಲ್ಲೂ ಕರೆಂಟ್ ಹರಿಯತ್ತೆ, ಅಲ್ಯೂಮಿನಿಯಂ ಹಾಗೇ, ಮೈಯೆಲ್ಲ ಒದ್ದೆ ಬೇರೆ, ತಂತಿಗೆ ತಾಗ್ಬೇಕು ಅಂತಲೂ ಇಲ್ಲ, ಹತ್ರ ಹೋದ್ರೂ ಸಾಕು. ನಂಗೆ ಇದು ಗೊತ್ತಿತ್ತು. ಆದ್ರೂ ದೋಟಿ ಮಡಚಿದ್ದನ್ನ ಯಾರು ವಿಡಿಯೋ ಮಾಡ್ತಾರೆ ಅಂತ ಫೋನ್ ಜೇಬಿಗೆ ಹಾಕ್ಕೊಂಡೆ. ಆ ಮೂವತ್ತೆಂಟು ಮರದ ಕಾಯಿ ಕೊಳೆಗೆ ಹೋಗತ್ತೆ ಅಂತ ಗೊತ್ತಿದ್ದೇ ಬಿಟ್ಟಿದ್ದು ಅವರು, ಅಣ್ಣನೂ ತುಟಿ ಬಿಚ್ಚಲಿಲ್ಲ.

ಆಮೇಲೆ ಅತ್ತಿಗೆ ಹೇಳಿದ್ದು ಇಲ್ಲಿ ಬರೀಲಾ ಬೇಡ್ವಾ ಅಂತ ಊಟದ ಹೊತ್ತೆಲ್ಲ ಯೋಚಿಸ್ದೆ, ಅವರನ್ನೇ ಕೇಳಿದ್ರೆ ಬರಿ ಅಂದ್ರು. "ಇವ್ರು ಬಿದ್ದ ದಿನ ಮರ ಒದ್ದೆ ಇತ್ತು. ನಾನು ಕೆಳಗೇ ನಿಂತಿದ್ದೆ, ಕಾಣ್ತಿತ್ತು. ಇವತ್ತು ಬೇಡ ಅನ್ನಬೇಕು ಅಂತ ಬಾಯಿಗೆ ಬಂದಿತ್ತು. ಹೊಳ ಹೋಗಿಬಿಡತ್ತೆ, ಕೊಳೆ ಬರತ್ತೆ, ಬೇಡ ಅಂದ್ರೆ ಹೆದರುಪುಕ್ಲಿ ಅಂತಾರೆ, ಇದೆಲ್ಲ ತಲೇಲಿ. ಹೇಳ್ಲಿಲ್ಲ. ನಾನು ದೋಟಿ ಹಿಡಿದಿದ್ದು ಧೈರ್ಯ ಬಂತು ಅಂತ ಅಲ್ಲ. ಬೇಡ ಅನ್ನೋ ಮಾತು ನನ್ನ ಕೈಯಲ್ಲೇ ಇರ್ಲಿ ಅಂತ. ಆ ಹುಡುಗಿ ಕಲಿಯೋದಾದ್ರೆ ಅದನ್ನ ಮೊದಲು ಕಲೀಲಿ."

ನಾಲ್ಕು ವರ್ಷ. ಒಂದೇ ಮನೇಲಿ ನಾವೆಲ್ಲ ಎಷ್ಟು ಸಲ ಕೂತು ಆ ದಿನದ ಬಗ್ಗೆ ಮಾತಾಡಿದೀವಿ, ಈ ಒಂದು ಮಾತು ಅವರ ಬಾಯಿಂದ ಹೊರಗೆ ಬಂದಿರ್ಲಿಲ್ಲ. ನಂಗೆ ಏನು ಹೇಳ್ಬೇಕು ತೋಚದೆ ಅವರ ಕೈ ಹಿಡ್ಕೊಂಡೆ, ಬೆರಳ ಸಂದಿಯೆಲ್ಲ ಇನ್ನೂ ನೀಲಿ, ದಾರವೂ ನೀಲಿ.

ಸ್ಟೇಟಸ್ ತೆಗೆದೆ. ತೆಗೆದ್ರೆ ಸಾಕಾ, ಆಗ್ಲೇ ಎಲ್ಲೆಲ್ಲಿ ಹೋಗಿದೆಯೋ.

ಕಡುಬು ಮಾತ್ರ ಯಾರೂ ಸರಿಯಾಗಿ ತಿನ್ಲಿಲ್ಲ ಇವತ್ತು. ಅಣ್ಣ ಎರಡು ತಿಂದ.

ಒಂಬತ್ತಕ್ಕೆ ಅತ್ತಿಗೆನೇ ಮೇಲಿನ ಮನೆಗೆ ಫೋನ್ ಮಾಡಿದ್ರು. "ಅಕ್ಕ, ನಾಳೆ ಹೊಳ ಇದ್ರೆ ಅವಳನ್ನ ಕಳ್ಸಬೇಡಿ, ಕರ್ಕೊಂಡು ಬನ್ನಿ. ನೀವೂ ನಿಂತು ನೋಡಿ. ದೋಟಿ ಕೈಗೆ ಕೊಡಲ್ಲ, ಪೈಪು ಎಳೀಲಿ, ಲೈನ್ ಎಲ್ಲೆಲ್ಲಿದೆ ಅಂತ ನಿಮ್ಮ ತೋಟ, ನಮ್ಮ ತೋಟ ಎರಡೂ ತಿರುಗಿ ನನಗೆ ಹೇಳ್ಲಿ." ಆ ಕಡೆಯಿಂದ ಬೈಗುಳ ಬರಲಿಲ್ಲ. ಬರ್ತೀನಿ ಅಂತಲೂ ಅನ್ಲಿಲ್ಲ.

ನಾಳೆ ರಾತ್ರಿ ಬಸ್ಸಿಗೆ ನಾನು ಬೆಂಗಳೂರಿಗೆ ಹೊರಡ್ಬೇಕು. ಒಂದು ದಿನ ಜಾಸ್ತಿ ರಜೆ ಕೇಳ್ಲಾ ಅಂತ. ಅಣ್ಣ ಇನ್ನೂ ಮಲಗಿಲ್ಲ, ಹಳೇ ಡೈರಿಯಲ್ಲಿ ಲೈನ್‌ಮನ್ ನಂಬರ್ ಹುಡುಕ್ತಿದಾನೆ, ಒಂದು ಗಂಟೆ ಲೈನ್ ಆಫ್ ಮಾಡ್ಸಿದ್ರೆ ಆ ಮೂವತ್ತೆಂಟು ಮರಕ್ಕೂ ಹೊಡೀಬಹುದು ಅಂತ. ಅತ್ತಿಗೆಗೆ ಈಗ್ಲೇ ಹೇಳೋದಾ, ಮಲಗಿದಾರೆ, ಅವ್ರು ಬೇಡ ಅಂದ್ರೆ ಅಣ್ಣ...