ಮನಿಲಾ, 1898ರ ಆಗಸ್ಟ್ 13

13 ಆಗಸ್ಟ್ 2024, ಮಂಗಳವಾರ

1898ರಲ್ಲಿ ಇದೇ ದಿನ, ಸ್ಪೇನಿನ ವಸಾಹತಾಗಿದ್ದ ಫಿಲಿಪ್ಪೀನ್ಸಿನ ರಾಜಧಾನಿ ಮನಿಲಾ ಅಮೆರಿಕದ ವಶವಾಯಿತು. ಸ್ಪೇನ್–ಅಮೆರಿಕ ಯುದ್ಧ ನಡೆದದ್ದು ನಾಲ್ಕು ತಿಂಗಳೂ ತುಂಬದಷ್ಟು ಕಾಲ. ಸ್ಪೇನಿನದೇ ಇನ್ನೊಂದು ವಸಾಹತಾಗಿದ್ದ ಕ್ಯೂಬಾದ ಹವಾನಾ ಬಂದರಿನಲ್ಲಿ ಸಿಡಿದ ಅಮೆರಿಕದ ‘ಮೇನ್’ ಯುದ್ಧಹಡಗಿನಿಂದ ಅದರ ಕಥೆಯನ್ನು ಆರಂಭಿಸುವುದು ವಾಡಿಕೆ. ಆದರೆ ಅಮೆರಿಕ ಸಾಮ್ರಾಜ್ಯವಾಗಿ ಬದಲಾದದ್ದು ಯಾವಾಗ ಎಂದು ಕೇಳಿದರೆ ನಾನು ಈ ದಿನವನ್ನೇ ತೋರಿಸುತ್ತೇನೆ.

ಮೇ 1ರಂದು ಅಮೆರಿಕದ ನೌಕಾಪಡೆಯ ಕಮೊಡೋರ್ ಜಾರ್ಜ್ ಡ್ಯೂಯಿ ಮನಿಲಾ ಕೊಲ್ಲಿಯಲ್ಲಿದ್ದ ಸ್ಪೇನಿನ ನೌಕಾದಳವನ್ನು ಕೆಲವೇ ಗಂಟೆಗಳಲ್ಲಿ ನಾಶಮಾಡಿದರೂ, ನಗರವನ್ನು ಹಿಡಿಯಲು ಬೇಕಾದ ಸೈನ್ಯ ಅವರ ಬಳಿ ಇರಲಿಲ್ಲ. ನೆಲದ ಮೇಲೆ ಕಂದಕ ತೋಡಿ ಮನಿಲಾವನ್ನು ಸುತ್ತುವರಿದವರು ಎಮಿಲಿಯೊ ಅಗಿನಾಲ್ಡೊ ಅವರ ಫಿಲಿಪಿನೊ ಹೋರಾಟಗಾರರು. ಅಗಿನಾಲ್ಡೊ ಹಾಂಗ್‌ಕಾಂಗ್‌ನಿಂದ ತಾಯ್ನಾಡಿಗೆ ಮರಳಿದ್ದೇ ಅಮೆರಿಕದ ಹಡಗಿನಲ್ಲಿ. ಜೂನ್ 12ರಂದು ಕವಿತ್‌ನಲ್ಲಿ ಅವರು ಸ್ವಾತಂತ್ರ್ಯವನ್ನು ಘೋಷಿಸಿದರು.

ಸೋಲು ಖಚಿತವೆಂದು ತಿಳಿದಿದ್ದ ಸ್ಪೇನಿನ ಅಧಿಕಾರಿಗಳು ಆಗ ಮನಿಲಾದಲ್ಲಿದ್ದ ಬೆಲ್ಜಿಯಂ ಕಾನ್ಸಲ್ ಮೂಲಕ ಡ್ಯೂಯಿಯೊಡನೆ ಗುಟ್ಟಾಗಿ ಒಪ್ಪಂದಕ್ಕೆ ಬಂದರು. ಮಾನ ಉಳಿಯುವಷ್ಟು ಕಾಲ ಕಾದಾಟ ನಡೆಯಬೇಕು, ಅಮೆರಿಕದ ಹಡಗಿನಿಂದ ಶರಣಾಗತಿಯ ಸಂಕೇತ ಬಂದೊಡನೆ ಬಿಳಿ ಬಾವುಟ ಏರಬೇಕು, ಫಿಲಿಪಿನೊಗಳು ಮಾತ್ರ ನಗರದ ಕೋಟೆಗೋಡೆಯೊಳಕ್ಕೆ ಕಾಲಿಡಬಾರದು! ಎಲ್ಲವೂ ಹಾಗೆಯೇ ನಡೆಯಿತು. ಇದು ನಾಟಕವೆಂದು ತಿಳಿಯದ ಸಾಮಾನ್ಯ ಸೈನಿಕರು ಮಾತ್ರ ಎರಡೂ ಕಡೆ ನಿಜವಾಗಿಯೇ ಸತ್ತರು. ವಾಷಿಂಗ್ಟನ್‌ನಲ್ಲಿ ಹಿಂದಿನ ದಿನವೇ ಕದನವಿರಾಮಕ್ಕೆ ಸಹಿ ಬಿದ್ದಿತ್ತು. ಮನಿಲಾದ ತಂತಿ ಕೇಬಲ್ಲನ್ನು ಡ್ಯೂಯಿ ಮೇ ತಿಂಗಳಲ್ಲೇ ಕತ್ತರಿಸಿದ್ದರಿಂದ ಆ ಸುದ್ದಿ ಅಲ್ಲಿಗೆ ತಲುಪಲಿಲ್ಲ.

ತಾವೇ ಮುತ್ತಿದ್ದ ತಮ್ಮ ರಾಜಧಾನಿಯ ಹೊರಗೆ, ನಿನ್ನೆಯವರೆಗೆ ಮಿತ್ರರೆನಿಸಿದ್ದವರಿಂದಲೇ ತಡೆಯಲ್ಪಟ್ಟು ನಿಂತವರನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಕ್ಯೂಬಾವನ್ನು ತನ್ನದಾಗಿಸಿಕೊಳ್ಳುವುದಿಲ್ಲವೆಂದು ಅಮೆರಿಕದ ಕಾಂಗ್ರೆಸ್ ಏಪ್ರಿಲ್‌ನಲ್ಲಿ ಮಾತು ಕೊಟ್ಟಿತ್ತು. ಫಿಲಿಪ್ಪೀನ್ಸಿಗೆ ಅಂಥ ಮಾತೂ ಸಿಕ್ಕಿರಲಿಲ್ಲ. ಡಿಸೆಂಬರ್ 10ರ ಪ್ಯಾರಿಸ್ ಒಪ್ಪಂದದಲ್ಲಿ ಪೋರ್ಟೊ ರಿಕೊ, ಗುವಾಮ್‌ಗಳ ಜೊತೆಗೆ ಅದೂ ಕೈ ಬದಲಾಯಿಸಿತು. ಅದಕ್ಕಾಗಿ ಸ್ಪೇನಿಗೆ 2 ಕೋಟಿ ಡಾಲರ್ ಸಂದಿತು. ಫಿಲಿಪಿನೊಗಳ ಪ್ರತಿನಿಧಿ ಫೆಲಿಪೆ ಅಗೊನ್ಸಿಯೊ ಅವರಿಗೆ ಆ ಮಾತುಕತೆಯಲ್ಲಿ ಸ್ಥಾನವೇ ಇರಲಿಲ್ಲ.

1899ರ ಫೆಬ್ರವರಿ 4ರ ರಾತ್ರಿ ಮನಿಲಾದ ಅಂಚಿನಲ್ಲಿ ಅಮೆರಿಕನ್ನರಿಗೂ ಫಿಲಿಪಿನೊಗಳಿಗೂ ಗುಂಡಿನ ಕಾಳಗ ಆರಂಭವಾಯಿತು. ಎರಡು ದಿನಗಳ ಬಳಿಕ ಅಮೆರಿಕದ ಸೆನೆಟ್ 57–27 ಮತಗಳಿಂದ, ಅಂದರೆ ಬೇಕಾದ ಮೂರನೇ ಎರಡು ಬಹುಮತಕ್ಕಿಂತ ಒಂದೇ ಒಂದು ಹೆಚ್ಚಿನ ಮತದಿಂದ, ಆ ಒಪ್ಪಂದಕ್ಕೆ ಅನುಮೋದನೆ ನೀಡಿತು.