ಒಂದು ಸೊನ್ನೆ, ಐದು ಸದ್ದು

ಅಂಗಡಿ, ಮಂಚ, ಗಂಟೆ, ಸಂತೆ, ಕಂಬ. ಸುಮ್ನೆ ನಿಧಾನವಾಗಿ ಹೇಳಿ ನೋಡಿ. ಬರೆಯುವುದು ಒಂದೇ ಸೊನ್ನೆ, ಆದರೆ ಸದ್ದು ಪ್ರತಿ ಸಲ ಬೇರೆ. 'ಅಂಗಡಿ'ಯಲ್ಲಿ ನಾಲಿಗೆಯ ಹಿಂಭಾಗ ಮೇಲೇಳುತ್ತದೆ. 'ಗಂಟೆ'ಯಲ್ಲಿ ತುದಿ ಹಿಂದಕ್ಕೆ ಮಡಚಿಕೊಳ್ಳುತ್ತದೆ. 'ಸಂತೆ'ಯಲ್ಲಿ ಹಲ್ಲಿಗೆ ತಾಗುತ್ತದೆ. 'ಕಂಬ'ದಲ್ಲಂತೂ ನಾಲಿಗೆಗೆ ಕೆಲಸವೇ ಇಲ್ಲ, ತುಟಿಗಳೇ ಮುಚ್ಚುತ್ತವೆ. ಮುಂದೆ ಬರುವ ಅಕ್ಷರಕ್ಕೆ ಬಾಯಿ ಮೊದಲೇ ಸಜ್ಜಾಗುತ್ತದೆ, ಗಾಳಿ ಮೂಗಿನಿಂದ ಹೋಗುತ್ತದೆ.

ನಮ್ಮ ವರ್ಣಮಾಲೆಯಲ್ಲಿ ಈ ಐದಕ್ಕೂ ಜಾಗ ಇದೆ. ಙ, ಞ, ಣ, ನ, ಮ. ಬಾಯಿಯ ಹಿಂದಿನಿಂದ ತುಟಿಯವರೆಗೆ, ಅದೇ ಕ್ರಮದಲ್ಲಿ! ಮಕ್ಕಳಿಗೆ ಬಾಯಿಪಾಠ ಮಾಡಿಸುವಾಗ ಇದನ್ನೂ ತೋರಿಸಿಕೊಡಬೇಕು, ಅಲ್ವಾ? ಙ ಬಳಕೆಯಲ್ಲೇ ಇಲ್ಲ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. 'ಬೆಂಗಳೂರು' ಅಂದಾಗಲೆಲ್ಲ ನಾವು ಹೇಳುವುದು ಅದನ್ನೇ.